ರೋಮ್‌ನಲ್ಲಿ ಗಂಡ ಹೆಂಡತಿ ಒಂದು ದಿನ ಸುತ್ತೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ರೋಮ್ ಊರನ್ನು ಒಂದೇ ದಿನದಲ್ಲಿ ಪೂರ್ತಿ ನೋಡಿ ಮುಗಿಸುವ ಪ್ಲಾನ್ ಇಲ್ಲಿಲ್ಲ. ಅಂಥದ್ದೊಂದನ್ನು ನಾನೂ ಮಾಡಿಕೊಂಡು ಹೋಗಿದ್ದೆ. ಎರಡು ಹಾಳೆ, ಮೂರು ಬಣ್ಣದ ಪೆನ್ನು, ಗಂಟೆಗೊಂದು ಜಾಗ. ಚಿಕ್ಕಮಗಳೂರಿನಲ್ಲಿ ಊಟದ ಟೇಬಲ್ ಮುಂದೆ ಕೂತು ಬರೆಯುವಾಗ ಎಷ್ಟು ಚೆನ್ನಾಗಿ ಕಾಣಿಸಿತ್ತು ಅಂದ್ರೆ, ಗೆಳತಿಯರಿಗೆಲ್ಲ ಫೋಟೊ ತೆಗೆದು ಕಳಿಸಿದ್ದೆ. ಅಲ್ಲಿಗೆ ಹೋದ ಮೊದಲ ದಿನ ಹನ್ನೊಂದೂವರೆ ಹೊತ್ತಿಗೆ ಕೊಲೋಸಿಯಮ್ ಅನ್ನೋ ಹಳೇ ರೋಮನ್ ಕ್ರೀಡಾಂಗಣದ ಎದುರು ಬಿಸಿಲಲ್ಲಿ ನಿಂತು, ಸುತ್ತ ಯಾರಿಗೂ ಕನ್ನಡ ಬರಲ್ಲ ಅನ್ನುವ ಧೈರ್ಯದ ಮೇಲೆ, ಸಂತೆಯಲ್ಲಿ ಆಡಿದ ಹಾಗೆ ಜಗಳ ಆಡಿದೆವು. ನನಗೆ ಮುಂದಿನ ಜಾಗಕ್ಕೆ ಹೊತ್ತಾಗುತ್ತಿತ್ತು. ನಮ್ಮನೆಯವರು ಗೋಡೆಯ ಕಲ್ಲಿನಲ್ಲಿದ್ದ ಒಂದು ತೂತನ್ನು ಇಪ್ಪತ್ತು ನಿಮಿಷದಿಂದ ನೋಡುತ್ತಾ ನಿಂತಿದ್ದರು.

ಮರುದಿನ ಆ ಹಾಳೆಗಳನ್ನು ರೂಮಿನಲ್ಲೇ ಬಿಟ್ಟು ಹೊರಟೆವು. ದಿನ ಚೆನ್ನಾಗಿ ಹೋಯಿತು. ಈಗ ನನ್ನ ನಾದಿನಿ ಮತ್ತು ಅವಳ ಗಂಡ ಹೊರಟಿದ್ದಾರೆ, ದಿನಾ ಫೋನ್ ಮಾಡಿ ಅತ್ತಿಗೆ ಅದು ಹೇಗೆ, ಇದು ಹೇಗೆ ಅಂತ ಕೇಳುತ್ತಾಳೆ. ಹಾಗಾಗಿ ನಮ್ಮ ಎರಡೂ ದಿನ ಸೇರಿಸಿ, ಎಡವಟ್ಟುಗಳನ್ನು ಕಳೆದು, ಒಂದು ದಿನಕ್ಕೆ ಕೂರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ನಿಯಮ ಒಂದೇ. ಬೆಳಗಿನ ಅರ್ಧ ದಿನ ಒಬ್ಬರದ್ದು, ಸಂಜೆಯ ಅರ್ಧ ದಿನ ಇನ್ನೊಬ್ಬರದ್ದು, ನಡುವೆ ಎರಡು ಗಂಟೆ ಯಾರದ್ದೂ ಅಲ್ಲ. ಯಾರ ಪಾಳಿಯೋ ಅವರು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತಾರೆ. ಇನ್ನೊಬ್ಬರು 'ಸಾಕು ಬನ್ರೀ' ಅನ್ನುವ ಹಾಗಿಲ್ಲ. ನೀರು, ಟಾಯ್ಲೆಟ್, ಕಾಲುನೋವು, ಈ ಮೂರಕ್ಕೆ ಮಾತ್ರ ಪಾಳಿ ಮುರಿಯಬಹುದು. ಮಕ್ಕಳಾಟದ ಹಾಗೆ ಕೇಳಿಸುತ್ತೆ, ಅಲ್ವಾ? ಮಾಡಿ ನೋಡಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೂ ಇವರಿಗೆ ಏನು ನೋಡೋಕೆ ಇಷ್ಟ ಅಂತ ನನಗೆ ಅರ್ಧಂಬರ್ಧ ಮಾತ್ರ ಗೊತ್ತಿತ್ತು.

ಹೋಗುವ ಕಾಲದ ಬಗ್ಗೆ ಜಾಸ್ತಿ ಯೋಚನೆ ಬೇಡ. ಜುಲೈ, ಆಗಸ್ಟ್ ಬಿಟ್ಟುಬಿಡಿ, ಅಲ್ಲಿನ ಬಿಸಿಲಿಗೆ ಮಲೆನಾಡಿನ ಮೈ ತಡೆಯೋದಿಲ್ಲ. ಕಾಫಿ ತೋಟದವರಿಗೆ ಹೇಗೂ ಮಳೆ ನಿಂತು ಅರೇಬಿಕಾ ಕಾಫಿ ಕೊಯ್ಲು ಶುರುವಾಗುವ ಮುಂಚಿನ ಸಂದು ಒಂದೇ ಬಿಡುವು. ಅಕ್ಟೋಬರ್ ಮೊದಲ ವಾರ ರೋಮ್‌ಗೂ ಚೆನ್ನಾಗಿ ಹೊಂದುತ್ತದೆ, ಸೂರ್ಯ ಮುಳುಗೋದು ಆರೂಮುಕ್ಕಾಲರ ಸುಮಾರಿಗೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಹೋದರೆ ಐದು ಗಂಟೆಗೆಲ್ಲ ಕತ್ತಲು.

ವೀಸಾ ವಿಷಯ ಎರಡು ಮಾತಲ್ಲಿ: ಇಟಲಿಗೆ ಷೆಂಗನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಬೇಕು, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆಯಾದರೂ ಹಾಕಬೇಕು. ಫೀ ತಲೆಗೆ 90 ಯೂರೋ, ಮೇಲೆ ಸರ್ವಿಸ್ ಚಾರ್ಜ್ ಬೇರೆ, 30,000 ಯೂರೋ ತನಕ ಆಸ್ಪತ್ರೆ ಖರ್ಚು ಕೊಡುವ ಇನ್ಶೂರೆನ್ಸ್ ಕಡ್ಡಾಯ. ಒಂದು ಯೂರೋಗೆ ಸುಮಾರು ನೂರು ರೂಪಾಯಿ ಅಂತ ಮನಸ್ಸಲ್ಲಿ ಇಟ್ಟುಕೊಳ್ಳಿ, ಲೆಕ್ಕ ಸುಲಭ. ಆದರೆ ಪ್ರತಿ ಸಲ ಲೆಕ್ಕ ಹಾಕಬೇಡಿ, ನೀರೂ ಗಂಟಲಲ್ಲಿ ಇಳಿಯೋದಿಲ್ಲ.

ಇನ್ನು ನಮ್ಮವರು ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಲೋಸಿಯಮ್ ಟಿಕೆಟ್ ಮೇಲೆ ಹೆಸರು ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ನಮ್ಮ ಕಡೆ ಎಷ್ಟು ಜನರಿಗೆ ಸರ್‌ನೇಮ್ ಇದೆ ಹೇಳಿ? ಊರಿನ ಹೆಸರು, ಅಪ್ಪನ ಹೆಸರು, ಎರಡು ಇನಿಶಿಯಲ್, ಅಷ್ಟೇ. ಇವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನನ್ನದರಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಬುಕ್ ಮಾಡುವಾಗ ಫಾರಂ ಎರಡೂ ಕೇಳಿತು, ನಾನು ಅವಸರದಲ್ಲಿ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇದ್ದ ಹಾಗೆ ನನ್ನ ಹೆಸರಿನ ಮುಂದೆ ಗಂಡನ ಹೆಸರು ಹಾಕಿಬಿಟ್ಟೆ. ಬಾಗಿಲಲ್ಲಿದ್ದ ಹುಡುಗಿ ಟಿಕೆಟ್ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ನನ್ನ ಮುಖ ನೋಡಿದಳು. ಇವರ ಪಾಸ್‌ಪೋರ್ಟ್ ತೆಗೆದು ತೋರಿಸಿ, ನನ್ನ ಪಾಸ್‌ಪೋರ್ಟಿನ ಕೊನೆ ಪುಟದಲ್ಲಿ ಗಂಡನ ಹೆಸರು ಇರೋದನ್ನು ತೋರಿಸಿ, ಕೈಸನ್ನೆ ಬಾಯಿಸನ್ನೆ ಎಲ್ಲ ಆದ ಮೇಲೆ ನಕ್ಕು ಒಳಗೆ ಬಿಟ್ಟಳು. ನಮಗೆ ಹಾಗೆ ನಡೆಯಿತು, ಎಲ್ಲರಿಗೂ ನಡೆಯುತ್ತೆ ಅಂತ ಇಟ್ಟುಕೊಳ್ಳಬೇಡಿ. ಪಾಸ್‌ಪೋರ್ಟ್ ಎದುರಿಗೆ ತೆರೆದಿಟ್ಟು ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ. ಸರ್‌ನೇಮ್ ಖಾಲಿ ಇರುವವರು ಹೆಸರನ್ನೇ ಎರಡು ಭಾಗ ಮಾಡಿ ಹಾಕಿ. ಒಂದೇ ಪದದ ಹೆಸರಾದರೆ ಎರಡೂ ಕಡೆ ಅದನ್ನೇ ಬರೆಯಿರಿ.

ಟಿಕೆಟ್ ಸುಮಾರು 30 ದಿನ ಮೊದಲು ಬಿಡುತ್ತಾರೆ, ಅಧಿಕೃತ ಸೈಟಿನಲ್ಲೇ ತಗೊಳ್ಳಿ. ನಾವು ಹೋದಾಗ ತಲೆಗೆ 18 ಯೂರೋ, ಅದರಲ್ಲೇ ಎದುರಿನ ಫೋರಮ್ (ಹಳೇ ರೋಮ್ ಊರಿನ ನಡುಚೌಕ, ಈಗ ಪಾಳು) ಮತ್ತು ಪ್ಯಾಲಟೈನ್ ಗುಡ್ಡ ಕೂಡ ಸೇರಿತ್ತು. ತಿಂಗಳ ಮೊದಲ ಭಾನುವಾರ ಪುಕ್ಕಟೆ. ಪುಕ್ಕಟೆ ಅಂದ ತಕ್ಷಣ ಕಿವಿ ನೆಟ್ಟಗಾಗುತ್ತೆ, ಗೊತ್ತು. ಅವತ್ತು ಮೊದಲೇ ಬುಕ್ ಮಾಡೋಕೂ ಆಗಲ್ಲ, ಜಾತ್ರೆ ದಿನ ತೇರು ಬೀದಿಯಲ್ಲಿ ನಿಂತ ಹಾಗೆ ನಿಲ್ಲಬೇಕು. ಬೇಡ.

ಕಾಲಿಗೆ ಹಳೇ ಶೂ. ಊರು ಪೂರ್ತಿ ಚಿಕ್ಕ ಚಿಕ್ಕ ಕಪ್ಪು ಕಲ್ಲು ಹಾಸಿದ ಬೀದಿಗಳು, ಎರಡು ಕಲ್ಲಿನ ನಡುವೆ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ. ಹೊಸ ಚಪ್ಪಲಿ, ಹೀಲ್ಸ್, ಫ್ಯಾನ್ಸಿ ಯಾವುದೂ ನಡೆಯಲ್ಲ. ನಾನು ಸೀರೆ ಉಟ್ಟು ಕೆಳಗೆ ವಾಕಿಂಗ್ ಶೂ ಹಾಕಿದ್ದೆ. ನಮ್ಮೂರಲ್ಲಾದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು, ಅಲ್ಲಿ ಯಾರಿಗೂ ಗೊಡವೆ ಇಲ್ಲ.

ಈಗ ದಿನ ಶುರು ಮಾಡೋಣ. ನಮ್ಮೂರಿಗೂ ರೋಮ್‌ಗೂ ಬೇಸಿಗೆ ಗಡಿಯಾರದಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಇಲ್ಲಿ ಬೆಳಿಗ್ಗೆ ಆರು ಅಂದರೆ ಅಲ್ಲಿ ರಾತ್ರಿ ಎರಡೂವರೆ. ಮೊದಲೆರಡು ದಿನ ನಾಲ್ಕು ಗಂಟೆಗೆಲ್ಲ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತೀರಿ. ಅದನ್ನೇ ಉಪಯೋಗಿಸಿಕೊಳ್ಳಿ. ಆರೂವರೆಗೆ ಹೊರಟು ಟ್ರೆವಿ ಕಾರಂಜಿಗೆ ಹೋಗಿ. ಹಗಲಲ್ಲಿ ಅಲ್ಲಿ ಕೊಳದ ಹತ್ತಿರಕ್ಕೆ ಒಂದು ಸಲಕ್ಕೆ ಇಷ್ಟೇ ಜನ ಅಂತ ಲೆಕ್ಕ ಮಾಡಿ ಬಿಡುವಷ್ಟು ನೂಕುನುಗ್ಗಲು. ಬೆಳಿಗ್ಗೆ ನಾವು ಹೋದಾಗ ಕಸ ಗುಡಿಸುವವರು ಇಬ್ಬರು, ಮದುವೆ ಡ್ರೆಸ್ಸಿನಲ್ಲಿ ಫೋಟೊ ತೆಗೆಸಿಕೊಳ್ಳುವ ಒಂದು ಜೋಡಿ, ನಾವು, ಅಷ್ಟೇ. ಮೂಲೆ ತಿರುಗುವ ಮೊದಲೇ ನೀರಿನ ಸದ್ದು ಕೇಳಿಸುತ್ತದೆ. ಆ ಕಟ್ಟಡ ಮುಗಿದದ್ದು 1762ರಲ್ಲಿ, ಆದರೆ ಆ ನೀರು ಬರುವ ಕಾಲುವೆಯ ಮೂಲ ಕ್ರಿ.ಪೂ. 19ರದ್ದು. ಕಾರಂಜಿಗೆ ಬೆನ್ನು ಹಾಕಿ, ಬಲಗೈಯಲ್ಲಿ ನಾಣ್ಯ ಹಿಡಿದು ಎಡ ಭುಜದ ಮೇಲಿಂದ ಎಸೆದರೆ ಮತ್ತೆ ರೋಮ್‌ಗೆ ಬರ್ತೀರಿ ಅನ್ನೋ ನಂಬಿಕೆ. ಒಂದು ಯೂರೋ ಎಸೆಯೋಕೆ ಇವರು ಸುತಾರಾಂ ಒಪ್ಪಲಿಲ್ಲ, ಜೇಬೆಲ್ಲ ತಡಕಿ ಹತ್ತು ಸೆಂಟ್ ಹುಡುಕಿ ಕೊಟ್ಟರು. ಬಿದ್ದ ದುಡ್ಡೆಲ್ಲ ಬಡವರಿಗೆ ನೆರವಾಗುವ ಒಂದು ಸಂಸ್ಥೆಗೆ ಹೋಗುತ್ತೆ ಅಂತ ಹೇಳಿದ ಮೇಲೆ ಇನ್ನೊಂದು ಹತ್ತು ಸೆಂಟ್ ಬಂತು. ನೀರಿಗೆ ಕಾಲು ಇಳಿಬಿಡಬೇಡಿ, ದಂಡ ಹಾಕುತ್ತಾರೆ.

ಆಮೇಲೆ ಕಾಫಿ. ಚಿಕ್ಕಮಗಳೂರಿನವರಿಗೆ ಕಾಫಿ ಕುಡಿಯೋದು ಹೇಳಿಕೊಡಬೇಕಾ ಅಂತ ಕೇಳಬಹುದು. ಕೊಡಬೇಕು. ಬೀದಿಬೀದಿಯಲ್ಲಿ 'ಬಾರ್' ಅಂತ ಬೋರ್ಡ್ ಇರುತ್ತದೆ, ಬೆಳಿಗ್ಗೆ ಬೆಳಿಗ್ಗೆ ಹೆಂಡತಿ ಜೊತೆ ಬಾರಿಗೆ ಹೋಗೋದಾ ಅಂತ ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. ಜನ ಜಾಸ್ತಿ ಇರುವ ಕಡೆ ಮೊದಲು 'ಕಾಸ್ಸಾ' ಅಂತ ಬರೆದಿರುವ ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೋಬೇಕು, ಆಮೇಲೆ ಕಟ್ಟೆ ಹತ್ತಿರ ಹೋಗಿ ಚೀಟಿ ತೋರಿಸಬೇಕು. ನಮ್ಮ ದರ್ಶಿನಿ ಹೋಟೆಲಿನ ಪದ್ಧತಿಯೇ. ನಿಂತು ಕುಡಿದರೆ ಒಂದೂಕಾಲು, ಒಂದೂವರೆ ಯೂರೋ. ಅದೇ ಕಾಫಿಯನ್ನು ಟೇಬಲಲ್ಲಿ ಕೂತು ಕುಡಿದರೆ, ಅದೂ ದೊಡ್ಡ ಚೌಕದ ಎದುರು ಕೂತರೆ, ಎರಡು ಮೂರು ಪಟ್ಟು. ಕೂತಿದ್ದಕ್ಕೆ ಬಾಡಿಗೆ ಅಂದುಕೊಳ್ಳಿ. 'ಕಫೆ' ಅಂದರೆ ಎರಡು ಗುಟುಕಿನ ಎಸ್ಪ್ರೆಸ್ಸೊ ಬರುತ್ತದೆ. 'ಲಾತ್ತೆ' ಅಂತ ಮಾತ್ರ ಹೇಳಿದರೆ ಬರೀ ಹಾಲು ಕೊಡ್ತಾರೆ, ಲಾತ್ತೆ ಅಂದ್ರೆ ಅಲ್ಲಿ ಹಾಲು. ನಮ್ಮ ಬಾಯಿಗೆ ಹತ್ತಿರದ್ದು ಕ್ಯಾಪುಚಿನೊ. ಅದನ್ನು ಅವರು ಬೆಳಿಗ್ಗೆ ಮಾತ್ರ ಕುಡೀತಾರೆ. ಮಧ್ಯಾಹ್ನ ಊಟ ಆದ ಮೇಲೆ ಕೇಳಿದರೆ ಕೊಡುತ್ತಾರೆ, ಸ್ವಲ್ಪ ವಿಚಿತ್ರವಾಗಿ ನೋಡಿ ಕೊಡುತ್ತಾರೆ.

ಮೊದಲ ಎಸ್ಪ್ರೆಸ್ಸೊ ಬಂದಾಗ ಇವರು ಕುಡಿಯಲಿಲ್ಲ. ಲೋಟ ಎತ್ತಿ ಮೂಸಿದರು, ಚಮಚದಲ್ಲಿ ಮೇಲಿನ ಕಂದು ನೊರೆ ಪಕ್ಕಕ್ಕೆ ಸರಿಸಿದರು, ಅದು ಮತ್ತೆ ನಿಧಾನಕ್ಕೆ ಕೂಡಿಕೊಳ್ಳುವ ತನಕ ನೋಡಿದರು. ಒಂದು ಗುಟುಕು ಕುಡಿದು, "ಇದರಲ್ಲಿ ರೋಬಸ್ಟಾ ಇದೆ ಕಣೇ" ಅಂದರು, ಊರಲ್ಲಿ ಕಳೆದುಹೋದ ಹಸು ಇಲ್ಲಿ ಸಿಕ್ಕಿತು ಅನ್ನೋ ಹಾಗೆ. ರೋಬಸ್ಟಾ ಅಂದರೆ ನಮ್ಮ ಕಡೆಯೂ ಬೆಳೆಯುವ ಇನ್ನೊಂದು ಜಾತಿ ಕಾಫಿ. ಸುಮ್ನೆ ಹೇಳಿದ್ದಲ್ಲ. ನೊರೆ ದಪ್ಪವಾಗಿ ನಿಲ್ಲಲಿ, ಕಾಫಿಗೆ ಮೈ ಬರಲಿ ಅಂತ ಇಟಲಿಯವರ ಎಷ್ಟೋ ಮಿಶ್ರಣದಲ್ಲಿ ರೋಬಸ್ಟಾ ಸೇರಿಸುತ್ತಾರೆ, ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೂ ಇಟಲಿಯೇ. ಬಾಬಾಬುಡನ್ ಏಳು ಬೀಜ ತಂದರು ಅಂತ ನಾವು ಹೇಳಿಕೊಳ್ಳುವ ಬೆಟ್ಟದ ಕೆಳಗಿನಿಂದ ಹೊರಟ ಮೂಟೆ ಇಲ್ಲಿಗೆ ಬಂದಿರಬಹುದು. ನಮ್ಮದೇ ತೋಟದ್ದಾ ಅಂತ ನಾನು ಕೇಳಿದೆ. "ನಮ್ಮದಾಗಿದ್ರೆ ಇಷ್ಟು ಕಮ್ಮಿ ರೇಟಿಗೆ ಕೊಡ್ತಿರಲಿಲ್ಲ" ಅಂದರು. ಒಂದು ವಿಷಯ ಮರೀಬೇಡಿ: ಕಾಫಿ ಕುಡಿದ ಅಂಗಡಿಯಲ್ಲೇ ಟಾಯ್ಲೆಟ್ ಮುಗಿಸಿಕೊಳ್ಳಿ. ಮತ್ತೆ ಹುಡುಕೋದು ಕಷ್ಟ. ಹೋಟೆಲ್ ರೂಮಿನಲ್ಲಿ ಮಾತ್ರ ನಮ್ಮವರಿಗೆ ಚಿಂತೆ ಇಲ್ಲ, ಇಟಲಿಯಲ್ಲಿ ತೊಳೆದುಕೊಳ್ಳೋಕೆ ಟಾಯ್ಲೆಟ್ ಪಕ್ಕ 'ಬಿಡೆ' ಅನ್ನೋ ನಲ್ಲಿ ಇರುವ ಸಣ್ಣ ತೊಟ್ಟಿ ಇಡೋದು ಮಾಮೂಲು, ಮನೆಗಳಲ್ಲಂತೂ 1975ರಿಂದ ಕಾನೂನೇ ಇದೆ. ಯುರೋಪ್ ಪೂರ್ತಿ ಸುತ್ತಿ ಬಂದವರಿಗೆ ಇದರ ಬೆಲೆ ಗೊತ್ತು.

ಬೆಳಗಿನ ಪಾಳಿ ಇವರದ್ದು, ಅಂದರೆ ಕೊಲೋಸಿಯಮ್. ಟ್ರೆವಿಯಿಂದ ನಡೆದೇ ಹೋಗಬಹುದು, ಇಪ್ಪತ್ತು ಇಪ್ಪತ್ತೈದು ನಿಮಿಷ. ಬೆಳಗಿನ ಮೊದಲ ಹೊತ್ತಿನ ಟಿಕೆಟ್ ತಗೊಳ್ಳಿ. ದೊಡ್ಡ ಬ್ಯಾಗ್, ಗಾಜಿನ ಬಾಟಲಿ ಒಳಗೆ ಬಿಡಲ್ಲ. ಅದನ್ನು ವೆಸ್ಪಾಸಿಯನ್ ಅನ್ನೋ ದೊರೆ ಕ್ರಿ.ಶ. 72ರ ಸುಮಾರಿಗೆ ಶುರು ಮಾಡಿಸಿದ, ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಬಾಗಿಲು ತೆರೆಸಿದ. ಸುಮಾರು 50,000 ಜನ ಕೂರುತ್ತಿದ್ದರು. 80 ಬಾಗಿಲು. ಒಳಗೆ ಹೋಗುವ ಮುಂಚೆ ಹೊರಗಿನ ಕಮಾನುಗಳ ನೆತ್ತಿ ನೋಡಿ, ರೋಮನ್ ಅಂಕಿಯಲ್ಲಿ ನಂಬರ್ ಕೆತ್ತಿರುವುದು ಈಗಲೂ ಕೆಲವು ಕಡೆ ಕಾಣುತ್ತದೆ. ನಮ್ಮ ಸಿನಿಮಾ ಟಾಕೀಸಿನಲ್ಲಿ ಗಾಂಧಿ ಕ್ಲಾಸ್, ಬಾಲ್ಕನಿ ಅಂತ ಇತ್ತಲ್ಲ, ಅದೇ ಲೆಕ್ಕ. ಯಾವ ಅಂತಸ್ತಿನವರು ಎಲ್ಲಿ ಅನ್ನೋದು ನಿಗದಿ, ಹೆಂಗಸರಿಗೆ ತೀರಾ ಮೇಲಿನ ಸಾಲು.

ಈಗ ಆ ತೂತಿನ ಕತೆ. ಗೋಡೆ ತುಂಬ ಮುಷ್ಟಿ ಗಾತ್ರದ ತೂತುಗಳಿವೆ, ಮೊದಲು ನೋಡಿದರೆ ಗುಂಡು ಹೊಡೆದ ಹಾಗೆ ಕಾಣುತ್ತದೆ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಜೋಡಿಸಿ, ಒಂದಕ್ಕೊಂದು ಕಬ್ಬಿಣದ ಹಿಡಿ ಹಾಕಿ ಬಿಗಿದಿದ್ದರಂತೆ. ಸಾಮ್ರಾಜ್ಯ ಬಿದ್ದ ಮೇಲೆ ಜನ ಬಂದು ಕಲ್ಲು ಕೊರೆದು ಆ ಕಬ್ಬಿಣವನ್ನು ಕಿತ್ತುಕೊಂಡು ಹೋದರು. ಮೊದಲ ದಿನ ಇವರು ಇಪ್ಪತ್ತು ನಿಮಿಷ ನೋಡುತ್ತಿದ್ದದ್ದು ಅದನ್ನೇ. ಎರಡನೇ ದಿನ ಮತ್ತೆ ಆ ಕಡೆ ಹೋದಾಗ, ಪಾಳಿ ಅವರದ್ದು ಅಂತ ನಾನು ಬಾಯಿ ಮುಚ್ಚಿಕೊಂಡು ನಿಂತೆ, ಆಗ ಅವರೇ ಬೆರಳು ಇಟ್ಟು ತೋರಿಸಿದರು. ಒಂದು ತೂತಿನ ಒಳಗೆ ಉಳಿ ತಾಗಿದ ಗೀರು ಹಾಗೇ ಇತ್ತು. ಎಷ್ಟು ಕಷ್ಟಪಟ್ಟು ಕದ್ದಿದ್ದಾನೆ ನೋಡು, ಅಂದರು. ಹಂಪಿಯಲ್ಲಿ ನಿಧಿ ಅಂತ ಅಗೆದಿದ್ದಾರಲ್ಲ, ಅಂಥವರು ಎಲ್ಲಾ ಕಡೆಯೂ ಇದ್ದರು ಅನ್ನಿ.

ಎದುರಿನ ಫೋರಮ್ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸದೇ ಇರಬಹುದು. ಓದಿಕೊಂಡು ಹೋಗದಿದ್ದರೆ ಅದು ಮುರಿದ ಕಂಬಗಳ ರಾಶಿ. ಹಿಂದಿನ ರಾತ್ರಿ ಅರ್ಧ ಗಂಟೆ ಓದಿ, ಇಲ್ಲವೇ ಗೈಡ್ ತಗೊಳ್ಳಿ, ಎರಡೂ ಆಗಲ್ಲ ಅಂದರೆ ಕೆಳಗಿಳಿದು ಒಂದೊಂದೇ ಕಲ್ಲು ಸುತ್ತಬೇಡಿ. ಅದೇ ಟಿಕೆಟ್‌ನಲ್ಲಿ ಪ್ಯಾಲಟೈನ್ ಗುಡ್ಡ ಹತ್ತಿ, ಮೇಲಿಂದ ಇಡೀ ಫೋರಮ್ ಕಾಣುತ್ತದೆ, ಮರದ ನೆರಳೂ ಇದೆ. ದುಡ್ಡಿಲ್ಲದೆ ನೋಡಬೇಕು ಅಂದರೆ ಇನ್ನೊಂದು ತುದಿಯಲ್ಲಿ ಕ್ಯಾಂಪಿಡೋಲಿಯೊ ಗುಡ್ಡದ ಹಿಂಭಾಗದ ಕಟ್ಟೆಯಿಂದಲೂ ಅದೇ ನೋಟ ಸಿಗುತ್ತದೆ.

ನೀರಿಗೆ ದುಡ್ಡು ಕೊಡಬೇಡಿ. ಬೀದಿ ಮೂಲೆಗಳಲ್ಲಿ ಮೊಣಕಾಲಿಗಿಂತ ಎತ್ತರದ ಕಬ್ಬಿಣದ ನಲ್ಲಿಗಳಿವೆ, ನೀರು ಸದಾ ಹರಿಯುತ್ತಲೇ ಇರುತ್ತದೆ. ಬಾಗಿದ ಕೊಳವೆ ನೋಡಿ ಅವನ್ನು 'ನಸೋನೆ', ದೊಡ್ಡ ಮೂಗು, ಅಂತ ಕರೀತಾರೆ. ಊರಲ್ಲಿ ಸುಮಾರು 2,500 ಇವೆ, ನೀರು ತಣ್ಣಗೆ, ಕುಡಿಯೋಕೆ ಯೋಗ್ಯ. ಬಾಟಲಿ ಹಿಡಿದು ತುಂಬಿಕೊಳ್ಳಿ. ಬಗ್ಗಿ ಕುಡಿಯೋಕೆ ಒಂದು ಉಪಾಯ ಇದೆ: ಕೊಳವೆಯ ಬಾಯಿಯನ್ನು ಬೆರಳಲ್ಲಿ ಮುಚ್ಚಿ, ಮೇಲೆ ಒಂದು ಸಣ್ಣ ತೂತಿದೆ, ಅದರಿಂದ ನೀರು ಕಮಾನಿನ ಹಾಗೆ ಚಿಮ್ಮುತ್ತದೆ. ಪೂರ್ತಿ ಒತ್ತಬೇಡಿ. ಒತ್ತಿದ್ದಕ್ಕೆ ನನ್ನ ಸೀರೆ ಸೆರಗು, ಹಿಂದೆ ನಿಂತಿದ್ದ ಯಾರೋ ಅಜ್ಜನ ಪ್ಯಾಂಟು, ಎರಡೂ ನೆಂದವು.

ಹನ್ನೆರಡೂವರೆಗೆ ಊಟ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಇಟಲಿಯಲ್ಲಿ ಬದುಕಬಹುದು. ಗಂಡಸರು 'ಸೋನೊ ವೆಜೆತಾರಿಯಾನೊ', ಹೆಂಗಸರು 'ಸೋನೊ ವೆಜೆತಾರಿಯಾನಾ' ಅನ್ನಿ. ಅಷ್ಟಕ್ಕೇ ಬಿಡದೆ 'ಸೆಂಜಾ ಕಾರ್ನೆ, ಸೆಂಜಾ ಪೆಶೆ' ಅಂತಲೂ ಸೇರಿಸಿ, ಮಾಂಸ ಬೇಡ ಮೀನು ಬೇಡ ಅಂತ. ಪಿಜ್ಜಾ ಮರಿನಾರಾ ಅಂದರೆ ಬರೀ ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಚೀಸ್ ಇರೋದಿಲ್ಲ. ಬೆಳ್ಳುಳ್ಳಿ ಎಣ್ಣೆ ಹಾಕಿದ ಸ್ಪಗೆಟಿ, ಆರ್ಟಿಚೋಕ್ ಅನ್ನೋ ಹೂಮೊಗ್ಗಿನಂಥ ತರಕಾರಿ ಕರಿದದ್ದು, ಇವೂ ಪರವಾಗಿಲ್ಲ. ರೋಮ್‌ನ ಹೆಸರಾಂತ 'ಕಾಚೊ ಎ ಪೆಪೆ' ಪಾಸ್ತಾದಲ್ಲಿ ಮಾಂಸ ಇಲ್ಲ, ಬರೀ ಚೀಸ್ ಮತ್ತು ಕಾಳುಮೆಣಸು. ಆದರೆ ಆ ಪೆಕೊರಿನೊ ಚೀಸ್ ಮಾಡೋವಾಗ ಹಾಲು ಒಡೆಯೋಕೆ ಕುರಿಮರಿಯ ಹೊಟ್ಟೆಯಿಂದ ತೆಗೆದ ಪದಾರ್ಥ ಹಾಕುತ್ತಾರೆ, ತೀರಾ ಮಡಿ ಇರುವವರು ತಿಳಿದುಕೊಂಡಿರಿ. ನಾನು ತಿಂದ ಮೇಲೆ ತಿಳಿದುಕೊಂಡೆ. ಮೆಣಸು ಮಾತ್ರ ನಮ್ಮ ತೋಟದ್ದರಷ್ಟು ಖಾರ ಇರಲಿಲ್ಲ. ಅಕ್ಕಿ ಉಂಡೆ ಕರಿದು ಕೊಡ್ತಾರೆ, ಆಸೆ ಆಗುತ್ತೆ, ಒಳಗೆ ಸಾಮಾನ್ಯವಾಗಿ ಮಾಂಸದ ಗೊಜ್ಜು ಇರುತ್ತದೆ, ಕೇಳಿ ತಗೊಳ್ಳಿ. ಊರಿಂದ ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡ, ಹಾಲಿನ ಪದಾರ್ಥ ಯಾವುದನ್ನೂ ಹೊರಗಿನಿಂದ ಯುರೋಪಿಗೆ ತರುವ ಹಾಗಿಲ್ಲ. ಚಟ್ನಿಪುಡಿಯನ್ನು ಪಿಜ್ಜಾ ಮೇಲೆ ಉದುರಿಸಿಕೊಂಡು ತಿಂದೆವು, ಹೋಟೆಲಿನವರು ನೋಡಲಿಲ್ಲ.

ಊಟ ಆದ ಮೇಲಿನ ಎರಡು ಗಂಟೆ ನಿದ್ದೆ. ನಿಜವಾಗಿಯೂ ನಿದ್ದೆ. ನಿಮ್ಮ ರೂಮು ಟರ್ಮಿನಿ ಸ್ಟೇಷನ್ ಹತ್ತಿರ ಇದ್ದರೆ ಕೊಲೋಸಿಯಮ್‌ನಿಂದ ಮೆಟ್ರೊ ಬಿ ಲೈನಿನಲ್ಲಿ ಎರಡೇ ಸ್ಟಾಪ್. ಟಿಕೆಟ್ ಒಂದೂವರೆ ಯೂರೋ, ಗೇಟಿಗೆ ಬ್ಯಾಂಕ್ ಕಾರ್ಡ್ ತಾಗಿಸಿದರೂ ಸಾಕು. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗೋಕೆ ಆಗಲ್ಲ, ತಲೆಗೊಂದು ಕಾರ್ಡ್ ಬೇಕು. ಮೆಟ್ರೊದಲ್ಲೂ, ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸಿನಲ್ಲೂ ಜೇಬುಗಳ್ಳರ ಕಾಟ ಜಾಸ್ತಿ. ಹಿಂದಿನ ಜೇಬಿನಲ್ಲಿ ಪರ್ಸ್ ಇಡೋ ಅಭ್ಯಾಸವನ್ನು ಬೆಂಗಳೂರು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗಿ. 'ಅಷ್ಟು ದೂರ ಹೋಗಿ ಮಲಗೋದಾ' ಅಂತ ನಾದಿನಿ ಕೇಳಿದಳು. ಮಲಗದೆ ತಿರುಗಿದ ಮೊದಲ ದಿನದ ಸಂಜೆಯ ಫೋಟೊಗಳಲ್ಲಿ ನಮ್ಮಿಬ್ಬರ ಮುಖ ಹೇಗಿದೆ ಅಂತ ಅವಳಿಗೆ ಕಳಿಸಿದ್ದೇನೆ, ಈಗ ಸುಮ್ಮನಾಗಿದ್ದಾಳೆ.

ಸಂಜೆ ಪಾಳಿ ನನ್ನದು. ಮೂರೂವರೆಗೆ ಪ್ಯಾಂಥಿಯನ್, ಹಳೇ ರೋಮನ್ನರ ದೇವಸ್ಥಾನ. ಒಂದೇ ಒಂದು ಕಟ್ಟಡ ನೋಡೋಕೆ ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ, ಕೊಲೋಸಿಯಮ್ ಬಿಟ್ಟರೂ ಸರಿ. 2023ರ ಜುಲೈಯಿಂದ ಟಿಕೆಟ್ ಇಟ್ಟಿದ್ದಾರೆ, ನಾವು ಹೋದಾಗ 5 ಯೂರೋ. ಈಗ ಅದು ಚರ್ಚ್, ಹಾಗಾಗಿ ಭುಜ, ಮೊಣಕಾಲು ಮುಚ್ಚಿರಲಿ. ಕಟ್ಟಡದ ಹಣೆಯ ಮೇಲೆ ಅಗ್ರಿಪ್ಪ ಅನ್ನುವವನು ಕಟ್ಟಿಸಿದ್ದು ಅಂತ ಬರೆದಿದೆ, ಆದರೆ ಈಗ ಕಾಣುವುದು ಕ್ರಿ.ಶ. 126ರ ಸುಮಾರಿಗೆ ಹೇಡ್ರಿಯನ್ ಅನ್ನೋ ದೊರೆಯ ಕಾಲದಲ್ಲಿ ಮುಗಿದದ್ದು. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ, ಅಂದರೆ ಪ್ಯಾಂಥಿಯನ್ ಅದಕ್ಕೂ ಸಾವಿರ ವರ್ಷದಷ್ಟು ಹಳೆಯದು. ಬೇಲೂರಿನಲ್ಲಿ ನಾವು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಳೆ, ಉಗುರು, ನೊಣ ಹುಡುಕುತ್ತೇವೆ. ಇಲ್ಲಿ ಆ ಕೆಲಸ ಇಲ್ಲ. ನಡುವೆ ನಿಂತು ಕತ್ತೆತ್ತಿ, ಅಷ್ಟೇ. ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ನೆತ್ತಿಗೆ ಎತ್ತರವೂ ಅಷ್ಟೇ, ಒಳಗೆ ಒಂದು ದೊಡ್ಡ ಚೆಂಡು ಇಟ್ಟರೆ ಸರಿಯಾಗಿ ಕೂರುತ್ತದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ಜಗತ್ತಿಗೆ ದೊಡ್ಡದು. ಮೇಲೆ ಹೋದ ಹಾಗೆ ಗೋಡೆ ತೆಳು, ಕಾಂಕ್ರೀಟಿಗೆ ಹಾಕಿದ ಕಲ್ಲೂ ಹಗುರ, ಮೇಲ್ಗಡೆ ನೀರಲ್ಲಿ ತೇಲುವಂಥ ಜ್ವಾಲಾಮುಖಿ ಕಲ್ಲು. ನೆತ್ತಿಯಲ್ಲಿ ತೆರೆದ ದೊಡ್ಡ ಕಂಡಿ, ಗಾಜು ಗೀಜು ಏನಿಲ್ಲ.

ನಾವು ಒಳಗಿದ್ದಾಗ ಹತ್ತು ನಿಮಿಷ ಮಳೆ ಬಂತು. ಎಲ್ಲರೂ ಗೋಡೆ ಕಡೆ ಸರಿದರು, ನಡುವೆ ದುಂಡಗೆ ಜಾಗ ಬಿಟ್ಟು. ಮಳೆ ಸದ್ದಿಲ್ಲದೆ ಕಂಬದ ಹಾಗೆ ಇಳಿಯುತ್ತಿತ್ತು, ಹನಿ ನೆಲಕ್ಕೆ ಬಿದ್ದಾಗ ಮಾತ್ರ ಸದ್ದು. ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಲ್ಲಲ್ಲಿ ಸಣ್ಣ ತೂತುಗಳಿವೆ, ನೀರು ಅದರಲ್ಲಿ ಇಳಿದು ಹೋಗುತ್ತದೆ. ಈ ಸಲ ನಾನೇ ತೂತು ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ಇವರು ಗಡಿಯಾರ ನೋಡಿಕೊಂಡರು, ಏನೂ ಹೇಳಲಿಲ್ಲ.

ಅಲ್ಲಿಂದ ಐದು ನಿಮಿಷ ನಡೆದರೆ ಪಿಯಾತ್ಸಾ ನವೋನಾ. ಹಳೇ ಓಟದ ಮೈದಾನದ ಮೇಲೆ ಎದ್ದ ಚೌಕ, ಅದಕ್ಕೇ ಆ ಉದ್ದನೆಯ ಆಕಾರ. ನಡುವಿನ ಕಾರಂಜಿಯನ್ನು ಬರ್ನಿನಿ ಅನ್ನೋ ಶಿಲ್ಪಿ 1651ರಲ್ಲಿ ಮುಗಿಸಿದ, ನಾಲ್ಕು ಖಂಡದ ನಾಲ್ಕು ನದಿಗಳು ಮನುಷ್ಯರೂಪದಲ್ಲಿ ಕೂತಿವೆ. ಉದ್ದ ಹುಟ್ಟು ಹಿಡಿದು ಕೂತವನನ್ನು ಹುಡುಕಿ, ಅವನು ನಮ್ಮ ಗಂಗೆ. ಹೌದು, ಅವನು. ಗಡ್ಡ ಬಿಟ್ಟ ಗಂಡಸು. "ಗಂಗಮ್ಮನಿಗೆ ಗಡ್ಡ ಬಂದಿದೆಯಲ್ಲೇ" ಅಂತ ಇವರು ನಕ್ಕಿದ್ದು ಇನ್ನೂ ನಿಂತಿಲ್ಲ.

ಇಲ್ಲಿ, ಟ್ರೆವಿ ಹತ್ತಿರ, ಸ್ಪ್ಯಾನಿಷ್ ಮೆಟ್ಟಿಲು ಅನ್ನೋ ಹೆಸರಾಂತ ದೊಡ್ಡ ಮೆಟ್ಟಿಲ ಸಾಲಿನ ಹತ್ತಿರ, ಜೋಡಿ ಕಂಡ ತಕ್ಷಣ ಗುಲಾಬಿ ಹಿಡಿದು ಬರುತ್ತಾರೆ. ಬೇಡ ಅಂದರೂ ಕೈಗೆ ತುರುಕುತ್ತಾರೆ. ಪಾಪ, ಪುಕ್ಕಟೆ ಕೊಡ್ತಿದ್ದಾನೆ ತಗೋ ಅಂತ ಇವರೇ ಹೇಳಿದರು, ಮೂರು ಹೆಜ್ಜೆ ಹೋಗುವಷ್ಟರಲ್ಲಿ 5 ಯೂರೋ ಕೇಳಿದ, ಕೊಟ್ಟೆವು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಗುಲಾಬಿ ಹೀಗೆ ಬಂತು. ಕೈ ಮುಂದೆ ಚಾಚಬೇಡಿ, ದಾರದ ಬಳೆ ಕಟ್ಟಿಬಿಡುವವರೂ ಇದ್ದಾರೆ. ಹಳೇ ರೋಮನ್ ಸೈನಿಕರ ವೇಷದವರ ಜೊತೆ ಫೋಟೊ ತೆಗೆದರೆ ಅದಕ್ಕೂ ದುಡ್ಡು. ಸ್ಪ್ಯಾನಿಷ್ ಮೆಟ್ಟಿಲ ಮೇಲೆ 2019ರಿಂದ ಕೂರುವ ಹಾಗಿಲ್ಲ, ಕೂತರೆ ದಂಡ 400 ಯೂರೋ ತನಕ. ಮೆಟ್ಟಿಲು ಕಂಡರೆ ಕೂರುವುದು ನಮ್ಮ ಹುಟ್ಟುಗುಣ, ಎಚ್ಚರ.

ವ್ಯಾಟಿಕನ್ ಎಲ್ಲಿ ಅಂತ ಕೇಳಬೇಡಿ, ಬೇಕೆಂದೇ ಬಿಟ್ಟಿದ್ದೇನೆ. ಮ್ಯೂಸಿಯಮ್ಮಿಗೇ ಅರ್ಧ ದಿನ ಬೇಕು, ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ಬಾಗಿಲು ಹಾಕಿರುತ್ತದೆ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ದೂರದಿಂದ ನೋಡೋಕೆ ಒಂದು ಒಳ್ಳೇ ಜಾಗ ಇದೆ. ನವೋನಾದಿಂದ ಟೈಬರ್ ನದಿ ಕಡೆ ನಡೆಯಿರಿ, ಉಂಬರ್ಟೊ ಸೇತುವೆ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ ನಿಂತುಕೊಳ್ಳಿ. ನೀರು, ಮುಂದಿನ ಸೇತುವೆ, ಅದರ ಹಿಂದೆ ಸಂತ ಪೀಟರ್ ಚರ್ಚಿನ ಗುಮ್ಮಟ. ಬಲಗಡೆ ದುಂಡಗೆ ಕೋಟೆ ಹಾಗೆ ಕಾಣುವುದು ಹೇಡ್ರಿಯನ್‌ನ ಸಮಾಧಿಯಾಗಿ ಕಟ್ಟಿದ್ದು, ಮಧ್ಯಾಹ್ನ ನೋಡಿದ ಪ್ಯಾಂಥಿಯನ್‌ನ ಅದೇ ಹೇಡ್ರಿಯನ್. ಸೇತುವೆ ಕಟ್ಟೆಗೆ ಒರಗಿ ನಾವಿಬ್ಬರೂ ಕೋಡುಬಳೆ ತಿಂದೆವು. ಈ ಅರ್ಧ ಗಂಟೆ ಯಾರ ಪಾಳಿ ಅಂತ ಕೇಳಿದೆ, ಇವರಿಗೂ ಗೊತ್ತಿರಲಿಲ್ಲ.

ರಾತ್ರಿ ಊಟಕ್ಕೆ ಏಳೂವರೆಗೆ ಮುಂಚೆ ಒಳ್ಳೇ ಹೋಟೆಲು ಯಾವುದೂ ತೆರೆಯೋದಿಲ್ಲ, ಹಾಗಾಗಿ ನಡುವೆ ಒಂದು ಜೆಲಾಟೊ, ಅಲ್ಲಿನ ಐಸ್ ಕ್ರೀಮ್, ತಿನ್ನಿ. ಮೇಜಿನ ಮೇಲೆ ಕೇಳದೆ ತಂದಿಡುವ ಬ್ರೆಡ್ ಬುಟ್ಟಿಗೂ ಬಿಲ್ಲಿನಲ್ಲಿ ದುಡ್ಡು ಹಾಕಿರುತ್ತಾರೆ, ಅದಕ್ಕೆ ಜಗಳ ಬೇಡ. ವಾಪಸ್ ಬರೋಕೆ ಕಾಲು ಬಿದ್ದುಹೋಗಿದ್ದರೆ ಟ್ಯಾಕ್ಸಿ ಮಾಡಿ. ಬಿಳಿ ಬಣ್ಣ, ಮೇಲೆ ಟ್ಯಾಕ್ಸಿ ಅಂತ ಬೋರ್ಡು, ಒಳಗೆ ಮೀಟರು. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿರುತ್ತವೆ. ಹತ್ತಿರ ಬಂದು 'ಟ್ಯಾಕ್ಸಿ, ಟ್ಯಾಕ್ಸಿ' ಅಂತ ಪಿಸುಗುಟ್ಟುವವನ ಹಿಂದೆ ಹೋಗಬೇಡಿ. ಹೋಟೆಲಿನ ವಿಳಾಸವನ್ನು ಕಾಗದದಲ್ಲಿ ಬರೆದು ಇಬ್ಬರ ಹತ್ತಿರವೂ ಒಂದೊಂದು ಇಟ್ಟುಕೊಂಡಿರಿ, ಅಷ್ಟು ಹೊತ್ತಿಗೆ ಇಬ್ಬರ ಫೋನೂ ಸತ್ತಿರುತ್ತದೆ.